ಎಡಗೈ ಗಂಟು

ಲಿಮಾಕ್ಕೆ ಹೋಗಿಬರಲು ಒಂದೂವರೆ ಲಕ್ಷ, ಲಿಸ್ಬನ್ನಿಗೆ ಎಪ್ಪತ್ತು ಸಾವಿರ, ನೈರೋಬಿಗೆ ಐವತ್ತೆರಡು. ಗೌಹರ ಆಪಾ ಕಟ್ಟುತ್ತಿದ್ದ ಇಮಾಮ ಜಾಮಿನ್‌ಗೆ ಮಾತ್ರ ಪ್ರತಿ ಸಲವೂ ಒಂದೇ ರೂಪಾಯಿ. ಹಸಿರು ಬಟ್ಟೆಯಲ್ಲಿ ನಾಣ್ಯ ಸುತ್ತಿ, ದೂರ ಹೊರಟವರ ತೋಳಿಗೆ ಕಟ್ಟುವುದು. ಕ್ಷೇಮವಾಗಿ ಮರಳಿದ ಮೇಲೆ ಬಿಚ್ಚಿ ಬಡವರಿಗೆ ಕೊಡುವುದು. ಬಸವಕಲ್ಯಾಣದ ಆ ಮನೆಯಲ್ಲಿ ಅಜ್ಜಿಯ ಕಾಲದಿಂದ ಹೀಗೇ ನಡೆದಿತ್ತು.

ಸೈಫುದ್ದೀನ್ ಪತ್ರಿಕೆಗಳಿಗೆ ಪ್ರವಾಸದ ಲೇಖನ ಬರೆದು ಬದುಕಿದವನು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವನ ಅಕ್ಕ, ಈ ಗೌಹರ ಆಪಾ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನಾಣ್ಯ ತೊಂದರೆ ಕೊಡುತ್ತಿತ್ತು. ಅವನು ಅದನ್ನು ಬಿಚ್ಚಿ ಜೇಬಿಗಿಳಿಸಿ, ಮರಳುವಾಗ ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಹಲ್ಲಿನಿಂದ ಎಳೆದು ಮತ್ತೆ ಕಟ್ಟಿಕೊಂಡು ಮನೆಗೆ ಬರುತ್ತಿದ್ದ.

ಹೋದ ವರ್ಷ ಆಪಾ ಅವನ ತೋಳು ಹಿಡಿದು ಕೇಳಿದ್ದಳು.

“ಸೈಫೂ, ಇದು ನಾ ಹಾಕಿದ ಗಂಟಲ್ಲ. ಯಾವ ದೇಶದಾಕಿ ಕಟ್ಯಾಳ?”

“ಯಾರೂ ಇಲ್ಲ ಆಪಾ.”

“ನಂದು ಎಡಗೈ. ನನ್ನ ಗಂಟು ಎಡಕ್ಕ ಬೀಳ್ತದ. ಇಪ್ಪತ್ತು ವರ್ಷದಿಂದ ನಿನ್ನ ಗಂಟು ಬಿಚ್ಚಾಕತ್ತೇನಿ, ನನಗ ತಿಳಿಯಂಗಿಲ್ಲ ಅನ್ಕೊಂಡಿ?”

ಅವಳು ನಕ್ಕಳು. ಅವನಿಗೆ ನಗಲಾಗಲಿಲ್ಲ.

ಹಾಗಾಗಿ ಈ ಸಲ ಪೆರುವಿಗೆ ಹೋಗುವಾಗ ಪ್ರತಿ ತಪಾಸಣೆಯಲ್ಲೂ ಪಕ್ಕಕ್ಕೆ ನಿಂತು ತೋಳು ಚಾಚಿ ತೋರಿಸಿದ. ಗಂಟು ಬಿಚ್ಚಲಿಲ್ಲ. ಅವಳೇ ಬಿಚ್ಚಬೇಕು.

ಬೆಟ್ಟದ ಮೇಲಿನ ಸರೋವರದ ಊರಿಗೆ ಹೊರಟಿದ್ದಾಗ ಅಕ್ಕನ ಮಗಳು ಮಹಜಬೀನ್ ಫೋನು ಮಾಡಿದಳು.

“ಮಾಮೂ, ಅಮ್ಮಿಗೆ ಉಸಿರು ಸಾಲವಲ್ದು. ನಿಮ್ಮನ್ನೇ ಕೇಳಾಕತ್ತಾರ. ಲಗೂ ಬರ್ರಿ.”

“ಒಂದು ಲೇಖನ ಉಳದದ, ಬೇಟಾ. ನಾಲ್ಕು ದಿನ. ಗಂಟು ಹಾಂಗೇ ಅದ ಅಂತ ಹೇಳು.”

ನಾಲ್ಕು ದಿನ ಸರೋವರ ನೋಡಿ, ಲೇಖನ ಕಳಿಸಿ ಹೊರಟ. ಹೈದರಾಬಾದಿನ ಬಸ್ಸಿನಿಂದ ಹುಮನಾಬಾದಿನಲ್ಲಿ ಇಳಿದಾಗ ಬೆಳಗಿನ ಎಂಟು ಗಂಟೆ. ಮತ್ತೆ ಫೋನು.

“ಎಲ್ಲಿದ್ದೀರಿ ಮಾಮೂ?”

“ಹುಮನಾಬಾದ್. ಇನ್ನೊಂದು ತಾಸು.”

“ನಿಧಾನಕ್ಕ ಬರ್ರಿ,” ಎಂದಳು. “ನಸುಕಿನ ಫಜರ್ ನಮಾಜಿನ ಹೊತ್ತಿಗೆ ಅಮ್ಮಿ ಹೋದ್ರು. ಮಧ್ಯಾಹ್ನ ಜೋಹರ್ ನಮಾಜ್ ಆದಮ್ಯಾಲ ಮಣ್ಣು.”

ಬಸವಕಲ್ಯಾಣದ ಬಸ್ಸಿನಲ್ಲಿ ಕಿಟಕಿಯ ಬಳಿ ಕುಳಿತ. ಎಷ್ಟೋ ದೇಶದ ನಿಲ್ದಾಣಗಳ ಬಗ್ಗೆ ಬರೆದಿದ್ದ. ಬರೆದದ್ದೆಲ್ಲ ಹೊರಟವರ ಕಥೆ. ಕಾಯುವವರು ಮನೆಯಲ್ಲಿ ಹೇಗೆ ದಿನ ಕಳೆಯುತ್ತಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಮನೆಯಲ್ಲಿ ಆಪಾಳ ಮುಖ ತೋರಿಸಿದರು. ಮಹಜಬೀನ್ ಅವನ ತೋಳು ನೋಡಿ, “ಅಮ್ಮಿ ಗಂಟೇ ಅದ. ನಾ ಬಿಚ್ಚಲೇನ್ರಿ?” ಎಂದಳು. ಅವನು ಬೇಡವೆಂದು ತಲೆಯಾಡಿಸಿದ.

ಮಧ್ಯಾಹ್ನ ಮೂರು ಹಿಡಿ ಮಣ್ಣು ಹಾಕಿದ. ಖಬರಸ್ತಾನದ ಬಾಗಿಲಲ್ಲಿ ತಾನೇ ಗಂಟು ಬಿಚ್ಚಿ, ಅಲ್ಲಿ ಕುಳಿತ ಮುದುಕನ ಕೈಗೆ ರೂಪಾಯಿ ಹಾಕಿದ.

ಸರೋವರದ ಲೇಖನ ಭಾನುವಾರ ಅಚ್ಚಾಯಿತು. ಅವನು ಅಲ್ಲಿ ಉಳಿದ ನಾಲ್ಕು ದಿನಗಳಲ್ಲಿ ಮೊದಲ ಮೂರು ದಿನ ಆಪಾ ಮಾತಾಡುತ್ತಿದ್ದಳು, ಮಾತು ನಿಂತದ್ದು ನಾಲ್ಕನೆಯ ದಿನ ಎಂದು ಮಹಜಬೀನ್ ಹೇಳಿದಳು.