ಕೈಯಲ್ಲಿದ್ದ ಹೆಸರು ಮುಗಿಯಲಿ

ನಕ್ಷತ್ರ ಇನ್ನೂ ಅಲ್ಲೇ ಇದೆ, ಪರದೆಯ ಮೇಲೆ ಕೋಶದ ಪಕ್ಕದ ಆ ಪುಟ್ಟ ಚಿಹ್ನೆ, ಅಂದರೆ ಅಡುಗೆಯವರ ಪಟ್ಟಿಗೆ ಒಂದೊಂದಾಗಿ ಮೆಸೇಜ್ ಕಳಿಸುವ ಕೋಡು ಓಡುತ್ತಿದೆ, ಕಸ್ತೂರಿಬಾಯಿಗೆ ಹೋಯಿತು, ನಾಳೆಯಿಂದ ಕೆಲಸಕ್ಕೆ ಬರಬೇಡಿ, ಪಾಪ ಅನ್ನಬೇಕಿತ್ತು, ಜಸ್ಮೀನ ಅನ್ನಲಿಲ್ಲ, ಹಾಸ್ಟೆಲ್ ಅಡುಗೆಯ ಗುತ್ತಿಗೆದಾರ ದೌಲತರಾಯ ಈಗಷ್ಟೇ ಫೋನಿಟ್ಟ — ಮೆಸೇಜ್ ನಿಂದರಸಬೇ, ಗುತ್ತಿಗಿ ಮತ್ತ ಸಿಕ್ಕೈತಿ, ಮೆಸೇಜ್ ಮುಟ್ಟಿದವ್ರು ಹೋದ್ರು, ಉಳದವ್ರು ಉಳೀಲಿ — ಹೌದ್ರಿ ಸಾಹೇಬ್ರ, ಈಗ ನಿಂದರಸ್ತೇನಿ. ನಿಲ್ಲಿಸುವ ಚೌಕದ ಗುಂಡಿಯ ಮೇಲೆ ಬೆರಳಿದೆ, ಒತ್ತಿದರೆ ಸಾಕು, ಕೈಯಲ್ಲಿದ್ದ ಹೆಸರು ಮುಗಿಸಿ, ಕೆಂಪಕ್ಷರದ ತಪ್ಪುಗಳನ್ನು ಕಾರದೆ ಕೋಡಿನ ನೋಟ್‌ಬುಕ್ ಸುಮ್ಮನೆ ನಿಲ್ಲುತ್ತದೆ, ಹಾಗೆ ನಿಲ್ಲುವಂತೆ ಬರೆದವಳು ಅವಳೇ, ಕಲಿತದ್ದು ಕಾಲೇಜಿನಲ್ಲಲ್ಲ, ಬಕ್ರೀದಿನ ಬೆಳಿಗ್ಗೆ ಕುರಿ ಕೊಯ್ಯುವ ಅಬ್ಬಾನ ಪಕ್ಕ ನಿಂತು, ಚೂರಿ ಅದರ ಕಣ್ಣಿಗಿ ಬೀಳಬಾರದು ಬೇಟಿ, ಎಲುಬಿನ ತನಕ ಹೋಗಬಾರದು, ಅಲ್ಲೇ ನಿಲ್ಲಬೇಕು. ಮುಂದಿನ ಹೆಸರು ಪ್ಯಾರಿಬಿ.

ಬೆರಳು ಒತ್ತುವುದಿಲ್ಲ. ಅತನೂರಿನ ಪಕ್ಕದ ಮನೆಯ ಪ್ಯಾರಿಬಿ, ಮಗ ಆಫ್ತಾಬನಿಗೆ ಜಸ್ಮೀನಳನ್ನೇ ಹೆಣ್ಣು ನೋಡಲು ಬಂದು, ಹೊಟ್ಟೆ ತುಂಬ ಶೀರಾ ತಿಂದು, ಹುಡುಗಿ ಭಾಳ ಕಲತಾಳ, ಕಲತದ್ದು ಮಾರಿಯ ಕರಿ ಬಣ್ಣ ತೊಳದೀತೇನು, ಎಲ್ಲರೂ ನಕ್ಕರು, ಮರ್ಯಾದೆಗಾಗಿ ಅಮ್ಮಿಯೂ ನಕ್ಕಳು, ಅದೊಂದೇ ಮರೆಯಲಾಗಿಲ್ಲ — ಮರುದಿನವೇ ನಾಚಿಕೆಯಿಲ್ಲದೆ ಬಾಗಿಲಲ್ಲಿ, ಫೋನಿನ ಗಾಜನ್ನು ಸೆರಗಿನಿಂದ ಒರೆಸಿ ಚಾಚಿದಳು, ಉಳ್ಳಾಗಡ್ಡಿ ವಾಸನೆಯ ಕೈ, ಏನ್ ಬಂದೈತಿ ಓದಬೇ ಜಸ್ಮೀನ, ನನಗ ಅಕ್ಷರ ಎಲ್ಲಿ ಬರ್ತಾವ. ಅಂದಿನಿಂದ ಪ್ರತಿ ಸಲ ಹಾಗೇ, ಒರೆಸುವುದು, ಚಾಚುವುದು. ಕೋಡಿನಲ್ಲಿ ಎರಡು ಹೆಸರುಗಳ ನಡುವೆ ತಾನೇ ತುಸು ಬಿಡುವು ಇಟ್ಟಿದ್ದಾಳೆ, ಇಷ್ಟು ಉದ್ದವಿತ್ತೇ ಅದು, ಒತ್ತು, ಈಗಲೂ ಒತ್ತಬಹುದು, ಆಕೆಯ ರೊಟ್ಟಿ ಸುಟ್ಟ ಬೆರಳುಗಳು, ಆಫ್ತಾಬ ಮನೆಗೆ ಪೈಸೆ ಕೊಡುವುದಿಲ್ಲ, ಆ ಮನೆ ನಡೆಯುವುದೇ ಈ ಹಾಸ್ಟೆಲ್ ಅಡುಗೆಯ ಕೆಲಸದಿಂದ, ಗೊತ್ತು, ಗೊತ್ತಿದ್ದೇ — ಪ್ಯಾರಿಬಿ, ಹೋಯಿತು. ಒತ್ತಿದಳು. ನಕ್ಷತ್ರ ಅಂಕಿಯಾಯಿತು, ಓಟ ನಿಂತಿತು. ಪಟ್ಟಿಯಲ್ಲಿ ಮುಂದಿದ್ದ ಮಲ್ಕಮ್ಮ ಉಳಿದಳು, ಸುಮಂಗಲಾ ಉಳಿದಳು. ಮತ್ತೆ ದೌಲತರಾಯನ ಫೋನು, ನಿಂತೇತೇನು? ನಿಂತೇತ್ರಿ ಸಾಹೇಬ್ರ, ಸ್ವಚ್ಛ ನಿಂತೇತಿ. ಖುಷಿ, ಹೌದು, ಖುಷಿಯೇ, ಅಫಜಲಪುರದಿಂದ ಬಸ್ಸಿನುದ್ದಕ್ಕೂ ಖುಷಿ, ಓಣಿಯ ತಿರುವಿನ ತನಕ.

ಬಾಗಿಲಲ್ಲಿ ಪ್ಯಾರಿಬಿ ನಗುತ್ತ ನಿಂತಿದ್ದಾಳೆ, ಬಂದ್ಯಾ ಬೇಟಿ, ಸಾಹೇಬ್ರ ಫೋಟೊ ಕಾಣ್ತೈತಿ, ನಿಮ್ಮ ಆಫೀಸಿಂದ ಏನೋ ಬಂದೈತಿ, ಪಗಾರ ಹೆಚ್ಚ ಮಾಡ್ಯಾರೇನ ನೋಡು, ಯಾರಿಗೂ ತೋರಿಸಿಲ್ಲ, ನೀನೇ ಓದಲಿ ಅಂತ ಕುಂತೇನಿ — ಚೂರಿ ಅದರ ಕಣ್ಣಿಗಿ ಬೀಳಬಾರದು — ಗಾಜನ್ನು ಸೆರಗಿನಿಂದ ಒರೆಸುತ್ತಾಳೆ, ಚಾಚುತ್ತಾಳೆ, ಜಸ್ಮೀನಳ ಕೈ ಏಳುವುದಿಲ್ಲ, ಹೊಲಸಾಗೈತೇನು ಅಂತ ಮತ್ತೆ ಒರೆಸುತ್ತಾಳೆ, ಮತ್ತೆ ಚಾಚುತ್ತಾಳೆ, ಸೆರಗು, ಗಾಜು, ಒರೆಸುತ್ತಾಳೆ