ಗೋಡೆ ಮೇಲಿನ ಬಿಸಿನೀರು

ಬಾಗಲಗುಂಟೆಯ ಆ ಅಡ್ಡರಸ್ತೆಗೆ ಬೆಳಗಾಗುತ್ತಿದ್ದುದು ಸುಬ್ಬಮ್ಮನ ಹಂಡೆ ಒಲೆಯಿಂದ. ಹಾಲಿನವನು ಬರುವ ಮುಂಚೆ, ಹೆಸರಘಟ್ಟ ರಸ್ತೆಯ ಬಸ್ಸುಗಳ ಸದ್ದು ಏಳುವ ಮುಂಚೆ, ಅವಳ ಹಿತ್ತಿಲಲ್ಲಿ ತೆಂಗಿನ ಗರಿ ಚಟಪಟ ಎನ್ನುತ್ತಿತ್ತು. ಮೂರಂತಸ್ತಿನ ಮನೆ, ಮೇಲಿನ ಎರಡೂ ಬಾಡಿಗೆಗೆ, ತಾರಸಿಯ ಮೇಲೆ ಸೋಲಾರ್. ಆದರೂ ಸ್ನಾನಕ್ಕೆ ಅವಳಿಗೆ ಅತ್ತೆ ಕಾಲದ ತಾಮ್ರದ ಹಂಡೆಯೇ ಬೇಕು. “ಸೋಲಾರ್ ನೀರು ಮೈ ನೆನೆಸ್ತದೆ ಅಷ್ಟೆ ಕಣವ್ವ, ಕಾಯ್ಸಾಕಿಲ್ಲ,” ಎನ್ನುತ್ತಿದ್ದಳು. ಮಗ ನಾಗೇಶ ಮನೆ ಕಟ್ಟಿಸುವ ಕಂಟ್ರಾಕ್ಟರು. ಅವನ ಸೈಟುಗಳಲ್ಲಿ ಉಳಿದ ಸೆಂಟ್ರಿಂಗ್ ಹಲಗೆ, ಪ್ಲೈವುಡ್ ಚೂರು, ಬಣ್ಣ ಬಳಿದ ಹಳೇ ಕಿಟಕಿಯ ತುಂಡು ಎಲ್ಲವೂ ಆ ಒಲೆಗೇ ಬರುತ್ತಿದ್ದವು.

ಕಾದ ನೀರಿನಲ್ಲಿ ಮೊದಲ ಬಕೆಟ್ಟು ಕಾಂಪೌಂಡ್ ಗೋಡೆಯ ಮೇಲೆ ಬಂದು ಕೂರುತ್ತಿತ್ತು. ಅದು ಪಕ್ಕದ ಮನೆಗೆ. ಸಂಯುಕ್ತಾಳ ಅಮ್ಮನಿಗೆ ಸೊಂಟ ಹಿಡಿದುಕೊಂಡ ವರ್ಷ ಶುರುವಾದ ಪದ್ಧತಿ ಅದು. ಹೋದ ಚಳಿಗಾಲದಲ್ಲಿ ಅಮ್ಮ ಕೆಮ್ಮಿ ಕೆಮ್ಮಿ ತೀರಿಕೊಂಡ ಮೇಲೂ ಬಕೆಟ್ಟು ನಿಲ್ಲಲಿಲ್ಲ. ಸಂಯುಕ್ತಾಳ ಮನೆಯಲ್ಲಿ ಗೀಸರ್ ಇತ್ತು. ಅದನ್ನು ಅವಳು ಹೇಳಲಿಲ್ಲ. ನಾಗಸಂದ್ರದ ಕಡೆಯ ಕಾಲೇಜೊಂದರಲ್ಲಿ ಲೈಬ್ರರಿಯನ್ ಅವಳು. ದಿನವಿಡೀ ಬೇರೆಯವರನ್ನು ಸುಮ್ಮನಿರಿಸುವ ಕೆಲಸ. ಮನೆಗೆ ಬಂದರೆ ಸುಮ್ಮನಿರಿಸಲೂ ಯಾರಿಲ್ಲ. ರಜೆಯ ದಿನಗಳಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದುದು ಆ ಗೋಡೆಯಾಚೆಯ ದನಿಯೊಂದೇ.

ಗಾಳಿಯನ್ನು ಅಳೆಯುವ ಡಬ್ಬವನ್ನು ಅವಳ ತಾರಸಿಗೆ ತಂದು ಕೂರಿಸಿದ್ದು ಬಡಾವಣೆಯ ಸಂಘದ ಮನೋಹರ್. ಧೂಳು, ಹೊಗೆ ಎಷ್ಟಿದೆ ಎಂದು ಅದು ಹಗಲೂ ರಾತ್ರಿ ಫೋನಿಗೆ ತಿಳಿಸುತ್ತದೆ. ಚೆನ್ನಾಗಿದ್ದರೆ ಹಸಿರು, ಸುಮಾರಾಗಿದ್ದರೆ ಹಳದಿ, ಕೆಟ್ಟರೆ ಕೆಂಪು. ಆ ಬೀದಿಯ ಬೇರೆ ಮನೆಯವರು ಕರೆಂಟು, ವೈಫೈ ಎಂದು ಹಿಂಜರಿದರು. ಸಂಯುಕ್ತಾ ತಕ್ಷಣ ಒಪ್ಪಿದಳು. ಅಮ್ಮ ಯಾಕೆ ಹಾಗೆ ಕೆಮ್ಮಿದಳು ಎಂದು ಕೇಳುವುದಕ್ಕೆ ಅವಳಿಗೆ ಬೇರೆ ಯಾರೂ ಉಳಿದಿರಲಿಲ್ಲ.

ಡಬ್ಬ ಬೇಗನೇ ಉತ್ತರ ಕೊಟ್ಟಿತು. ನಸುಕಿನಲ್ಲಿ ಹಳದಿ, ಹಿತ್ತಿಲಲ್ಲಿ ಗರಿ ಚಟಪಟ ಎಂದ ಸ್ವಲ್ಪ ಹೊತ್ತಿಗೆ ಕೆಂಪು, ಒಲೆ ಆರಿದ ಮೇಲೆ ಮತ್ತೆ ಹಳದಿ. ಒಂದು ದಿನವೂ ತಪ್ಪಲಿಲ್ಲ.

ಸುಬ್ಬಮ್ಮನಿಗೆ ಆ ಡಬ್ಬ ಕಂಡರೆ ಬಲು ಹೆಮ್ಮೆ. ಬಕೆಟ್ಟು ಇಡುತ್ತ ಕೇಳುವಳು: “ಏನವ್ವ ಸಂಯುಕ್ತಮ್ಮ, ಏನ್ ಯೋಳ್ತದೆ ಇವತ್ತು ನಮ್ ಬೀದಿ ಡಬ್ಬ?”

“ಕೆಂಪು, ಸುಬ್ಬಮ್ಮನೋರೆ.”

“ಅಯ್ಯೋ ಅದ್ರ ಮನೆ ಹಾಳಾಗ. ಯಾಕಂತೆ?”

“ತುಮಕೂರು ರೋಡಿನ ಲಾರಿಗಳು,” ಎನ್ನುವಳು ಸಂಯುಕ್ತಾ, ಬಿಸಿ ಬಕೆಟ್ಟನ್ನು ಇಳಿಸಿಕೊಳ್ಳುತ್ತ.

“ಆ ಲಾರಿಯೋರಿಗೆ ಯೋಳೋರು ಕೇಳೋರು ಯಾರೂ ಇಲ್ವಾ?” ಎಂದು ಸುಬ್ಬಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಒಮ್ಮೆ ಕೆಮ್ಮಿ, ಒಲೆಗೆ ಇನ್ನೊಂದು ಪ್ಲೈವುಡ್ ತುಂಡು ಒಟ್ಟುವಳು.

ಹೇಳಬೇಕೆಂದು ಸಂಯುಕ್ತಾ ಪ್ರತಿದಿನ ಅಂದುಕೊಂಡಳು. ಯಾವ ಮಾತಿನಿಂದ ಶುರುಮಾಡಿದರೂ ಅದು ಅಮ್ಮನ ಕೆಮ್ಮಿನ ಹತ್ತಿರವೇ ಹೋಗಿ ನಿಲ್ಲುತ್ತಿತ್ತು. ಆಮೇಲೆ ಗೋಡೆಯ ಮೇಲೆ ಬಕೆಟ್ಟು ಬರುತ್ತದೆಯೇ? ನಾಳೆ ಹೇಳೋಣ ಎಂದುಕೊಂಡು ನೀರು ಹೊಯ್ದುಕೊಳ್ಳುತ್ತಿದ್ದಳು. ನೀರಿಗೂ ಹೊಗೆಯ ವಾಸನೆ, ಅಮ್ಮನ ಹಳೇ ಟವೆಲ್ಲಿಗೂ ಅದೇ ವಾಸನೆ.

ಮನೋಹರ್ ಫೋನ್ ಮಾಡಿದ. “ಮೇಡಂ, ಇಡೀ ಏರಿಯಾದಲ್ಲಿ ಬೆಳಗಿನ ಹೊತ್ತು ನಿಮ್ಮ ಡಬ್ಬ ಒಂದೇ ಕೆಂಪು ಬರ್ತಿದೆ. ಯಾರಾದ್ರೂ ಏನಾದ್ರೂ ಸುಡ್ತಾರಾ ಅಲ್ಲಿ? ಒಂದ್ ಲೈನ್ ಬರೆದು ಹಾಕಿ ಸಾಕು, ಮುಂದಿಂದು ನಾನ್ ನೋಡ್ಕೋತೀನಿ.”

ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಕಳಿಸಿದ್ದು ಇಷ್ಟು: ‘ಹತ್ತಿರದಲ್ಲೇ ಎಲ್ಲೋ ಬೆಂಕಿ ಹಚ್ಚುವಂತೆ ಕಾಣುತ್ತದೆ. ಹಿಂದಿನ ಖಾಲಿ ಸೈಟು ಇರಬಹುದು.’ ಖಾಲಿ ಸೈಟಿನಲ್ಲಿ ಆಗೀಗ ಯಾರಾದರೂ ಕಸ ಸುಡುತ್ತಿದ್ದುದು ನಿಜ. ಯಾರ ಹೆಸರನ್ನೂ ಬರೆಯಲಿಲ್ಲವಲ್ಲ ಎಂದು ಆ ದಿನ ಅವಳಿಗೆ ಊಟ ಸೇರಿತು.

ಪಾಲಿಕೆಯ ಇಬ್ಬರು ಬೆಳಗ್ಗೆಯೇ ಬಂದರು. ಖಾಲಿ ಸೈಟಿನಲ್ಲಿ ಏನೂ ಇರಲಿಲ್ಲ. ಹೊಗೆ ಎಲ್ಲಿಂದ ಏಳುತ್ತಿದೆ ಎಂದು ಹುಡುಕುವುದಕ್ಕೆ ಅವರಿಗೆ ಕಣ್ಣೆತ್ತಿದರೆ ಸಾಕಿತ್ತು. ಸಂಯುಕ್ತಾ ಅಡುಗೆಮನೆಯ ಕಿಟಕಿಯ ಪಕ್ಕ ನಿಂತು ಕೇಳಿಸಿಕೊಂಡಳು.

“ಓಟಿನ ಲಿಸ್ಟಿಗೆ ಬಂದ್ರಾ? ಕುಂತ್ಕಳಿ, ಕಾಫಿ ಕುಡೀರಂತೆ,” ಎಂದಳು ಸುಬ್ಬಮ್ಮ.

“ಕಾಫಿ ಬೇಡ ಅಜ್ಜಿ. ಬಣ್ಣದ ಕಟ್ಟಿಗೆ, ಪ್ಲೈವುಡ್ ಎಲ್ಲ ಸುಡಂಗಿಲ್ಲ. ಇಡೀ ಬೀದಿಗೆ ಹೊಗೆ.”

“ನನ್ ಹಂಡೆ ಒಲೆ ಏನ್ ಮಾಡ್ತದಪ್ಪ ನಿಮಗೆ? ಓಗಿ ಆ ಲಾರಿಯೋರ್ನ ಹಿಡೀರಿ. ಅಗೋ, ಮೇಲೆ ಡಬ್ಬ ಮಡಗವ್ರಲ್ಲ, ಅದ್ನೇ ಬೇಕಾದ್ರೆ ಕೇಳಿ. ಎಲ್ಲ ಲಾರಿ ಹೊಗೇನೇ ಅಂತ ನಮ್ ಮೇಡಮ್ಮೇ ಯೋಳವ್ರೆ.”

“ಆ ಡಬ್ಬ ಹೇಳಿದ್ದಕ್ಕೇ ನಾವು ಬಂದಿದ್ದು ಅಜ್ಜಿ.”

ಸುಬ್ಬಮ್ಮ ಡಬ್ಬವನ್ನು ನೋಡಿದಳು. ಆಮೇಲೆ ಅಡುಗೆಮನೆಯ ಕಿಟಕಿಯನ್ನು ನೋಡಿದಳು. ಸಂಯುಕ್ತಾ ಒಂದು ಹೆಜ್ಜೆ ಹಿಂದೆ ಸರಿದಳು.

ನಾಗೇಶನ ಕಟ್ಟಡಗಳ ಪ್ಲಾನುಗಳು ಅದೇ ಪಾಲಿಕೆಯ ಕಚೇರಿಗಳಲ್ಲಿ ಸಹಿಗೆ ಕಾದಿದ್ದವು. ಅವನಿಗೆ ತಕರಾರು ಬೇಕಿರಲಿಲ್ಲ. ಅಂದು ಸಂಜೆಯೇ ಆಳಿನ ಕೈಲಿ ಒಲೆ ಒಡೆಸಿ, ಮಾರನೇ ದಿನ ಗ್ಯಾಸ್ ಗೀಸರ್ ಹಾಕಿಸಿದ. ಬೆಳಗಿನ ಕೆಂಪು ಹೋಯಿತು. ಕೆಲವು ದಿನ ಹಸಿರೂ ಬಂತು. ಸಂಘದ ವಾಟ್ಸಾಪ್ ಗುಂಪಿನಲ್ಲಿ ಮನೋಹರ್ ಅದರ ಚಿತ್ರ ಹಾಕಿದ. ಕೆಳಗೆ ಸಾಲಾಗಿ ಚಪ್ಪಾಳೆಗಳು ಬಂದವು. ಚಪ್ಪಾಳೆ ಹಾಕಿದವರಲ್ಲಿ ಒಬ್ಬರ ಮುಖವೂ ಸಂಯುಕ್ತಾಳಿಗೆ ಸರಿಯಾಗಿ ಗೊತ್ತಿರಲಿಲ್ಲ.

ಗೋಡೆಯ ಮೇಲೆ ಬಕೆಟ್ಟು ಬರಲಿಲ್ಲ. ಬಕೆಟ್ಟು ಕೂತು ಕೂತು ಸಿಮೆಂಟಿನ ಮೇಲೆ ಉಳಿದಿದ್ದ ಗುಂಡನೆಯ ಗುರುತು ಮಾತ್ರ ಇತ್ತು. ಕೆಲವು ದಿನ ಬೆಳಗ್ಗೆ ಆಚೆಯಿಂದ ಚಪ್ಪಲಿಯ ಸದ್ದು ಗೋಡೆಯವರೆಗೂ ಬಂದು, ನಿಂತು, ಹಿಂದೆ ಹೋಗುತ್ತಿತ್ತು. ಕೋಪ ಇನ್ನೂ ಇಳಿದಿಲ್ಲ ಎಂದುಕೊಳ್ಳುತ್ತಿದ್ದಳು ಸಂಯುಕ್ತಾ.

ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ತಡೆಯಲಾಗಲಿಲ್ಲ. ಬೀದಿಗಿಳಿದು, ಸುತ್ತಿಕೊಂಡು, ಅವರ ಗೇಟು ತೆರೆದಳು. ಗೋಡೆಯೊಂದಿದ್ದರೆ ಸಾಕೆಂದು ಇಷ್ಟು ವರ್ಷ ಆ ಗೇಟಿನಿಂದ ಒಳಗೆ ಹೋದದ್ದೇ ಅಪರೂಪ. ಹಿತ್ತಿಲಲ್ಲಿ ಸುಬ್ಬಮ್ಮ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದ್ದಳು. ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಮಾಲಿಂಗನ ಬಳ್ಳಿ ಸುತ್ತಿದ್ದಳು. ಕೆಳಗೆ ಒಲೆ ಇರಲಿಲ್ಲ. ಹಂಡೆ ಇಟ್ಟಿಗೆಗಳ ಮೇಲೆ ಕೂತಿತ್ತು, ತುಂಬ ತಣ್ಣೀರು.

“ಬಾ,” ಎಂದಳು, ತಿರುಗದೆ.

“ನಿಮಗೆ ಕೋಪ ಇದ್ರೆ ಬೈದ್ಬಿಡಿ ಸುಬ್ಬಮ್ಮನೋರೆ.”

“ಕೋಪ ಏನ್ ಬಂತು. ಒಲೆ ಓದ್ರೆ ಓಯ್ತು.” ಬಳ್ಳಿಯ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. “ಒಂದ್ ಮಾತು ಕೇಳ್ಬೇಕು ಅಂತ ಗೋಡೆ ತಂಕ ಬತ್ತೀನಿ, ಬಾಯಿ ಬರಾಕಿಲ್ಲ, ವಾಪಸ್ ಓಯ್ತೀನಿ. ನಿಮ್ಮವ್ವ ಅಂಗೆ ಕೆಮ್ಮಿ ಕೆಮ್ಮಿ ಸತ್ಲಲ್ಲ. ಅದು ನನ್ನ ಹೊಗೇನಾ?”

ಲಾರಿಗಳು, ವಯಸ್ಸು, ಪೀಣ್ಯದ ಕಾರ್ಖಾನೆಗಳು — ಎಲ್ಲವೂ ಸಂಯುಕ್ತಾಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದ್ದವು. ಒಂದೂ ಸುಳ್ಳಲ್ಲ.

“ಅದೂ ಸ್ವಲ್ಪ ಇತ್ತು,” ಎಂದಳು. “ಎಷ್ಟು ಅಂತ ನಂಗೂ ಗೊತ್ತಿಲ್ಲ. ಆದ್ರೆ ಇತ್ತು.”

ಸುಬ್ಬಮ್ಮ ಇಟ್ಟಿಗೆಯ ಮೇಲೆ ಕೂತಳು. ಮೇಲಿನ ಬಾಡಿಗೆಯವರ ಮಕ್ಕಳು ಆಗಲೇ ಪಟಾಕಿ ಹಚ್ಚತೊಡಗಿದ್ದರು.

“ನಂಗೊಂದ್ ಮಾತು ಯೋಳ್ಬೋದಾಗಿತ್ತು ಕಣವ್ವ. ಅವಳು ಇದ್ದಾಗ್ಲೇ ಯೋಳ್ಬೋದಾಗಿತ್ತು. ನಾನೇನ್ ಒಲೆಗ್ ಉಟ್ದೋಳಾ? ಅವಳಿಗೋಸ್ಕರ ಆರಿಸ್ತಿದ್ದೆ.”

ಅಮ್ಮ ಇದ್ದಾಗ ಡಬ್ಬ ಇರಲಿಲ್ಲ, ಗೊತ್ತಿರಲಿಲ್ಲ ಎನ್ನಬಹುದಿತ್ತು. ಆದರೆ ಒಲೆ ಉರಿಯುವ ಹೊತ್ತಿಗೆ ಅಮ್ಮನ ಕೋಣೆಯ ಕಿಟಕಿಯನ್ನು ಸದ್ದಾಗದಂತೆ ಮುಚ್ಚುತ್ತಿದ್ದುದು ಸಂಯುಕ್ತಾಳೇ. ಸದ್ದಾದರೆ ಸುಬ್ಬಮ್ಮ ಏನಂದುಕೊಳ್ಳುತ್ತಾಳೋ ಎಂದು.

“ಓಗು, ನಾಳೆ ಬೆಳಗ್ಗೆ ಎಣ್ಣೆ ನೀರು ಉಯ್ಕೋಬೇಕು,” ಎಂದಳು ಸುಬ್ಬಮ್ಮ ಏಳುತ್ತ. “ಗೀಸರ್ ಐತಲ್ಲ ನಿಮ್ಮನೇಲಿ. ನಿಮ್ಮವ್ವ ಯಾವತ್ತೋ ಯೋಳಿದ್ಲು.”

ಮಾರನೇ ಬೆಳಗ್ಗೆ ಸಂಯುಕ್ತಾ ತಲೆಗೆ ತಾನೇ ಎಣ್ಣೆ ಒತ್ತಿಕೊಂಡು ಸ್ನಾನ ಮಾಡಿದಳು. ನೀರು ಬೇಕಾದಷ್ಟು ಬಿಸಿಯಿತ್ತು. ಯಾವ ವಾಸನೆಯೂ ಇರಲಿಲ್ಲ. ಊರೆಲ್ಲ ಪಟಾಕಿ, ಫೋನಿನಲ್ಲಿ ಡಬ್ಬ ಕಡುಗೆಂಪು ತೋರಿಸುತ್ತಿತ್ತು. ಏನ್ ಯೋಳ್ತದೆ ಎಂದು ಕೇಳುವವರಿಲ್ಲ. ಒದ್ದೆ ಕೂದಲಿಗೆ ಟವೆಲ್ಲು ಸುತ್ತಿಕೊಂಡು ಗೋಡೆಯ ಹತ್ತಿರ ಬಂದು ನಿಂತಳು.

ಆಚೆ ಸುಬ್ಬಮ್ಮ ಕೆಮ್ಮುತ್ತಿದ್ದಳು. ಎಷ್ಟೋ ವರ್ಷ ಒಲೆಯ ಬಾಯಿಗೇ ಮುಖ ಕೊಟ್ಟು ಕೂತವಳ ಕೆಮ್ಮು. ಉದ್ದಕ್ಕೆ, ತಳದಿಂದ ಬರುತ್ತಿತ್ತು. ಸಂಯುಕ್ತಾ ಅದನ್ನು ಮುಂಚೆಯೂ ಕೇಳಿದ್ದಳು. ಅಮ್ಮನದೂ ಶುರುವಿನಲ್ಲಿ ಹೀಗೇ ಇತ್ತು.

“ಸುಬ್ಬಮ್ಮನೋರೆ,” ಎಂದಳು, ಮಾತು ಹುಡುಕದೆ. “ಆ ಕೆಮ್ಮು ಚೆನ್ನಾಗಿಲ್ಲ. ಡಾಕ್ಟರಿಗೆ ತೋರಿಸ್ಬೇಕು. ನಾನ್ ಕರ್ಕೊಂಡ್ ಹೋಗ್ತೀನಿ.”

ಕೆಮ್ಮು ನಿಂತಿತು, ಸೆರಗಿನಲ್ಲಿ ಬಾಯಿ ಒತ್ತಿ ಹಿಡಿದ ಹಾಗೆ. ಚಪ್ಪಲಿಯ ಸದ್ದು ಒಳಗೆ ಹೋಯಿತು.

ಅವಳು ಬಕೆಟ್ಟಿನ ಗುರುತಿನ ಮೇಲೆ ಕೈಯಿಟ್ಟುಕೊಂಡು, ಇನ್ನೊಮ್ಮೆ, ಸ್ವಲ್ಪ ಜೋರಾಗಿ ಕರೆದಳು.