‘ಮುಂದೆ’ ಒತ್ತಿದರೆ

ಟಾರ್ಪಾಲು ಕಟ್ಟಿದ ಮನೆಯಲ್ಲಿ ಮೂರು ಮಳೆಗಾಲ ಕಳೆದ ಮೇಲೆ ಅಮ್ಮನ ಹೆಸರು ಕೇರಳ ಸರಕಾರದ ಮನೆ ಪಟ್ಟಿಗೆ ಬಂತು. ಬಂದದ್ದು ‘ಅನರ್ಹ’ ಎಂದು; ಮೊಬೈಲಿಗೆ ಬಂದ ಸಂದೇಶದಲ್ಲಿ ಅಷ್ಟೇ ಇತ್ತು. ಆಕ್ಷೇಪಣೆ ಹಾಕಲು ಇವತ್ತು ಸಂಜೆ ಐದು ಗಂಟೆ ಕೊನೆ. ಅದಕ್ಕೆ ಪಟ್ಟಿಯಲ್ಲಿರುವ ಕ್ರಮಸಂಖ್ಯೆ ಬೇಕು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಜೀಪು ಓಡಿಸಲು ಮಾತ್ರ ಗೊತ್ತು. ದೇಲಂಪಾಡಿಯಿಂದ ಬದಿಯಡ್ಕಕ್ಕೆ, ಗೆಳೆಯ ಸುಜನನ ಕಂಪ್ಯೂಟರ್ ಅಂಗಡಿಗೆ ಮುಟ್ಟುವಾಗ ಮೂರೂವರೆ.

ಸುಜನ್ ಪಟ್ಟಿಯ ವೆಬ್‌ಸೈಟಿನಲ್ಲಿ ಅಮ್ಮನ ಹೆಸರು ‘ಕಮಲ’ ಎಂದು ಮಲಯಾಳದಲ್ಲಿ ಟೈಪು ಮಾಡಿ ಹುಡುಕಿದ. ಐವತ್ತೆಂಟು ಜನ, ಪುಟಕ್ಕೆ ಹತ್ತು. ಮನೆ ಸಿಕ್ಕಿದವರು ಮೊದಲು, ಅನರ್ಹರು ಕೊನೆಗೆ. ‘ಮುಂದೆ’ ಒತ್ತಿದ. ಬಂದದ್ದು ಇಡೀ ಜಿಲ್ಲೆಯ ಪಟ್ಟಿ. ಅಬೂಬಕ್ಕರ್, ಸುಕುಮಾರ, ಆಯಿಷಾ.

“ಕಮಲ ಎಲ್ಲ ಎಲ್ಲಿ ಹೋದರು?”

“ಪುಟ ತಿರುಗಿಸಿದ ಕೂಡಲೇ ನಾವು ಕೇಳಿದ್ದು ಅದಕ್ಕೆ ಮರೆತುಹೋಗ್ತದೆ ಮಾರಾಯ. ಹುಡುಕಿದ ಹೆಸರನ್ನು ಮುಂದಿನ ಪುಟಕ್ಕೆ ದಾಟಿಸಬೇಕು. ಸೈಟು ಮಾಡಿದವ ಅದನ್ನೇ ಬಿಟ್ಟಿದ್ದಾನೆ.”

“ಮನೆ ಹೆಸರು ಹಾಕು. ಬಳ್ಳಮೂಲೆ.”

“ಹಾಕ್ಲಿಕ್ಕೆ ಜಾಗ ಉಂಟಾ ನೋಡು.”

ಇರಲಿಲ್ಲ. ನಮ್ಮ ಕಡೆ ಯಾರೆಂದು ಕೇಳಿದರೆ ಮೊದಲು ಹೇಳುವುದು ಮನೆಯ ಹೆಸರು. ಮನೆ ಕೊಡುವ ಪಟ್ಟಿಗೇ ಅದು ಬೇಡ.

ಪರದೆಯ ಮೇಲಿನ ಸೈಟಿನ ವಿಳಾಸದಲ್ಲಿ ಸುಜನ್ ಕೈಯಾರೆ ಹೆಸರು ಸೇರಿಸಿ ನೋಡಿದ. ಸೈಟು ನಮ್ಮನ್ನೇ ಹೊರಗೆ ಹಾಕಿತು. ಪುನಃ ಒಳಗೆ ಹೋಗಲು ಇಪ್ಪತ್ತು ನಿಮಿಷ. ಒಂದೊಂದೇ ಪುಟ ನೋಡೋಣವೆಂದರೆ ಸಾವಿರದ ಇನ್ನೂರು ಪುಟ, ಒಂದು ತೆರೆಯಲು ಅರ್ಧ ನಿಮಿಷ.

ಪಂಚಾಯತಿನ ಕ್ಲಾರ್ಕ್ ಮನೀಶನಿಗೆ ಫೋನು ಮಾಡಿದೆ.

“ನಂಬರ್ ಹೇಳಿ, ನೋಡುವ.”

“ನಂಬರೇ ಸಿಗುವುದಿಲ್ಲ ಸರ್. ನೀವೇ ಒಮ್ಮೆ ಹುಡುಕಿ.”

“ನಮಗೂ ಅದೇ ಸೈಟು.”

“ಹಾಗಾದ್ರೆ ಕಾಗದದಲ್ಲಿ ಬರೆದು ತರ್ತೇನೆ.”

“ಕಾಗದ ತೆಗೊಳ್ಳುವುದು ನಿಂತು ಎರಡು ವರ್ಷ ಆಯ್ತು.”

ನಾನು ಬೈಯುವ ಮೊದಲೇ ಫೋನು ಇಟ್ಟುಬಿಟ್ಟ.

ಐದಕ್ಕೆ ಹತ್ತು ನಿಮಿಷವಿತ್ತು. “ಮೊದಲ ಪುಟದ ಯಾವುದಾದರೂ ಕಮಲನ ನಂಬರ್ ಹಾಕು. ಆಮೇಲೆ ತಿದ್ದಿಸುವ,” ಎಂದೆ.

“ಇವರಿಗೆಲ್ಲ ಮನೆ ಸಿಕ್ಕಿದೆ. ಆಕ್ಷೇಪಣೆ ಬಿದ್ದರೆ ಅವರದ್ದೂ ನಿಲ್ತದೆ.”

“ನಿಲ್ಲಲಿ.”

ಸುಜನ್ ಮೌಸಿನಿಂದ ಕೈ ತೆಗೆದ. “ನೀನೇ ಒತ್ತು.”

ಕುರ್ಚಿ ಎಳೆದು ಕುಳಿತೆ. ಕಮಲ, ಅಡೂರು, ವಿಧವೆ, ಎಪ್ಪತ್ತೊಂದು ವರ್ಷ. ಆಕೆಯ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ತುಂಬಿದೆ. ‘ಸಲ್ಲಿಸು’ ಎಂಬುದರ ಮೇಲೆ ಬಾಣ ನಿಂತಿತು. ಒತ್ತಲು ಬೆರಳು ಬರಲಿಲ್ಲ. ಐದಾಯಿತು, ‘ಸಲ್ಲಿಸು’ ತಾನಾಗಿಯೇ ಬೂದಿ ಬಣ್ಣಕ್ಕೆ ತಿರುಗಿತು.

ಮೇಜಿಗೆ ಗುದ್ದಿದೆ.

“ಅಮ್ಮನಿಗೆ ಎಂತ ಹೇಳುವುದು?”

ಸುಜನ್ ಕೀಬೋರ್ಡನ್ನು ನನ್ನ ಮುಷ್ಟಿಯಿಂದ ದೂರ ಸರಿಸಿದ.